ವಿಡಿಯೋ ಲೈಬ್ರರಿಯೂ ಅವ್ವ ಹಾಕಿದ ಗಂಟೂ

ಇಳಕಲ್ಲಿನ ನಮ್ಮ ಓಣಿಯಲ್ಲಿ ಮನೆಗೊಂದು ಮಗ್ಗ ಇತ್ತು. ಟಿ.ವಿ. ಮಾತ್ರ ಇಡೀ ಓಣಿಗೆ ಎರಡು. ಎಂಬತ್ತರ ದಶಕ ಅರ್ಧ ಕಳೆದಿದ್ದ ಆ ದಿನಗಳಲ್ಲಿ ಇದರಲ್ಲಿ ನನಗೆ ದೊಡ್ಡ ವ್ಯಾಪಾರವೊಂದು ಕಂಡಿತು. ನಾನಾಗ ಬಾಗಲಕೋಟೆಯ ಅರಿವೆ ಅಂಗಡಿಯೊಂದರಲ್ಲಿ ಗುಮಾಸ್ತ. ಬಂದ ಗಿರಾಕಿಗಳು ನಲವತ್ತು ಥಾನು ಬಿಚ್ಚಿಸಿ, ಬೆರಳಲ್ಲಿ ತಿಕ್ಕಿ ನೋಡಿ, ‘ನಾಳೆ ಬರ್ತೇವಿ’ ಅಂತ ಎದ್ದು ಹೋಗುತ್ತಿದ್ದರು. ಬಿಚ್ಚಿದ್ದನ್ನು ಮಡಚುವುದೇ ನನ್ನ ಉದ್ಯೋಗ. ಎದುರಿಗೇ ಒಂದು ವಿಡಿಯೋ ಲೈಬ್ರರಿ ಶುರುವಾಗಿತ್ತು. ಅಲ್ಲಿ ಕ್ಯಾಸೆಟ್ಟು ಬಾಡಿಗೆಗೆ, ಅದನ್ನು ಓಡಿಸುವ ಪ್ಲೇಯರು ಬಾಡಿಗೆಗೆ, ಬೇಕಾದರೆ ಟಿ.ವಿ.ಯೂ ಬಾಡಿಗೆಗೆ. ಕೇಳಿದ್ದು ಸಿಗದಿದ್ದರೆ ಜನ ಇದ್ದದ್ದನ್ನೇ ಕೈಮುಗಿದು ಒಯ್ಯುತ್ತಿದ್ದರು. ಥತ್, ಮಾಡಿದರೆ ಇಂಥ ವ್ಯಾಪಾರ ಮಾಡಬೇಕು ಅನ್ನಿಸಿತು.

ಹಳೆಯ ಬಿಲ್ಲಿನ ಬೆನ್ನಿಗೆ ಯೋಜನೆ ಬರೆದೆ. ಇಳಕಲ್ಲಿನ ನೇಕಾರರು ಇಡೀ ದಿನ ಮನೆಯಲ್ಲೇ ಇರುವವರು. ಹುನಗುಂದದಲ್ಲಿ ಕೋರ್ಟು ಕಚೇರಿಯ ನೌಕರರಿದ್ದಾರೆ, ಅವರಿಗೆ ಭಾನುವಾರ ಬೇಸರ. ಮದುವೆ, ಕುಬಸ, ತೊಟ್ಟಿಲು ಅಂತ ಮನೆಮನೆಗೂ ಕಾರ್ಯಗಳಿವೆ. ಟಾಕೀಸಿಗೆ ಹೋಗಲಾರದ ಮುದುಕಿಯರು, ಬಾಣಂತಿಯರು ಎಷ್ಟು ಮಂದಿ! ಓದಿ ನೋಡಿದೆ. ನನ್ನ ತಲೆಗೆ ನಾನೇ ಶಹಬ್ಬಾಸ್ ಅಂದುಕೊಂಡೆ.

ಅಡ್ಡಿ ಒಂದೇ. ರಸ್ತೆಗೆ ಬಾಗಿಲಿದ್ದ ನಮ್ಮ ಮುಂದಿನ ಖೋಲಿಯಲ್ಲಿ ಅವ್ವನ ಮಗ್ಗ ಕೂತಿತ್ತು. ಅಪ್ಪ ತೀರಿಕೊಂಡ ಮೇಲೆ ಅವಳೇ ಮಗ್ಗದ ಕೆಳಗಿನ ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯುತ್ತಿದ್ದಳು. ಸೀರೆಯ ಒಡಲಿಗೆ ಸೆರಗಿನ ಎಳೆಗಳನ್ನು ಒಂದೊಂದಾಗಿ ಕೊಂಡಿ ಹಾಕಿ ಕೂಡಿಸುವ ಕೆಲಸದಲ್ಲಿ ಓಣಿಯಲ್ಲಿ ಅವಳ ಸಮ ಯಾರೂ ಇರಲಿಲ್ಲ. ಹರಿದ ಎಳೆಗೆ ಅವಳು ಹಾಕಿದ ಗಂಟು ಕಣ್ಣಿಗೆ ಕಾಣುತ್ತಿರಲಿಲ್ಲ, ಕೈಗೂ ಸಿಗುತ್ತಿರಲಿಲ್ಲ. ಅಂಥವಳ ಮುಂದೆ ನಿಂತು, ಮಗ್ಗ ತೆಗಿ ಅಂತ ಹೇಗೆ ಹೇಳುವುದು? ಎರಡು ದಿನ ಸುತ್ತುಬಳಸಿ ಮಾತಾಡಿದೆ. ಮೂರನೆಯ ದಿನ ಅವಳೇ ಲಾಳಿ ಬದಿಗಿಟ್ಟಳು.

“ಮಂದಿ ಅರಿವಿ ಮಡಚೂದಕಿಂತ ಇಲ್ಲೇ ನನ್ನ ಕಣ್ಣಮುಂದ ಇರು,” ಅಂದಳು. “ಯುಗಾದಿ ಮಟ ನೋಡೂಣು. ನಡೀಲಿಲ್ಲಂದ್ರ ನಾ ಮಗ್ಗ ಹೂಡ್ತೇನಿ, ನೀ ನಿನ್ನ ಬಾಗಲಕೋಟಿ ಬಸ್ಸ ಹತ್ತು.”

ಮಗ್ಗದ ಮರಗಳು ಅಟ್ಟ ಏರಿದವು, ಕುಣಿಯ ಮೇಲೆ ಹಲಗೆ ಬಿತ್ತು. ಬಾಗಲಕೋಟೆಯ ಲೈಬ್ರರಿಯವನು ತನಗೆ ಹೊಸ ಪ್ಲೇಯರು ತರಿಸಿಕೊಂಡು ಹಳೆಯದನ್ನು ನನಗೆ ದಾಟಿಸಿದ. ಗುಮಾಸ್ತಗಿರಿಯಲ್ಲಿ ಕೂಡಿಟ್ಟದ್ದೆಲ್ಲ ಅದಕ್ಕೇ ಹೋಯಿತು. ಟಿ.ವಿ.ಯನ್ನೂ ಕ್ಯಾಸೆಟ್ಟುಗಳನ್ನೂ ಅವನಿಂದಲೇ ಬಾಡಿಗೆಗೆ ತಂದೆ. ಕೊಡುವಾಗ ಅವನು ಒಂದು ಮಾತು ಮೂರು ಸಲ ಹೇಳಿದ: ಟೇಪು ಹರಿದ ಕ್ಯಾಸೆಟ್ಟನ್ನು ಯಾವ ಕಾರಣಕ್ಕೂ ಹಾಕಬೇಡ, ನನ್ನ ಹತ್ತಿರ ತಾ. ನಾನು ಅದನ್ನು ದಪ್ಪ ಅಕ್ಷರದಲ್ಲಿ ಬರೆದು ಗೋಡೆಗೆ ಹಾಕಿದೆ. ಬಂದ ಗಿರಾಕಿಗಳಿಗೆಲ್ಲ ಓದಿ ಹೇಳುತ್ತಿದ್ದೆ. ಅವ್ವನಿಗೆ ಓದು ಬರುತ್ತಿರಲಿಲ್ಲ. ಅವಳಿಗೆ ಹೇಳಬೇಕೆಂದು ನನಗೆ ಹೊಳೆಯಲೂ ಇಲ್ಲ.

ಯೋಜನೆಯಲ್ಲಿ ಬರೆದದ್ದು ಒಂದು, ಆದದ್ದು ಇನ್ನೊಂದು. ತರುಣರು ಹೊಡೆದಾಟದ ಸಿನಿಮಾಕ್ಕೆ ಮುಗಿಬೀಳುತ್ತಾರೆ ಅಂದುಕೊಂಡಿದ್ದೆ. ಅವರು ಬಂದು ಕವರಿನ ಚಿತ್ರ ನೋಡಿ, ಬೀಡಿ ಸೇದಿ ಹೋದರು. ನನ್ನ ಅಂಗಡಿ ನಿಂತದ್ದು ಹೆಂಗಸರ ಮೇಲೆ, ಅದೂ ಅಮಾವಾಸ್ಯೆಯ ಮಧ್ಯಾಹ್ನಗಳ ಮೇಲೆ. ಅಂದು ನಮ್ಮ ಓಣಿಯಲ್ಲಿ ಮಗ್ಗಕ್ಕೆ ಬಿಡುವು. ಹೋಳಿಗೆ ಉಂಡು, ಯಾರದಾದರೂ ಪಡಸಾಲೆಯಲ್ಲಿ ಕೂತು, ಮನಸಾರೆ ಅಳುವಂಥ ಸಿನಿಮಾ ಅವರಿಗೆ ಬೇಕಿತ್ತು. ಅತ್ತರೆ ಚಲೋ ಸಿನಿಮಾ, ಅಳದಿದ್ದರೆ ‘ಏನ್ ತಂದೀಯೋ ಮಾರಾಯ’ ಅಂತ ನನಗೇ ಬೈಗುಳ.

ಪ್ಲೇಯರು ಮನೆಯ ಹೊಸ್ತಿಲು ದಾಟಿದರೆ ಸಾಕು, ಮೊದಲು ಅದಕ್ಕೆ ವಿಭೂತಿ. ಬೇಡ ಅಂದರೂ ಕೇಳುತ್ತಿರಲಿಲ್ಲ. ಆಮೇಲೆ ನಾನು ಗುಂಡಿಗಳ ಸಂದಿಯಿಂದ ಕಡ್ಡಿ ಹಾಕಿ ವಿಭೂತಿ ಕೆರೆಯುತ್ತ ಕೂರಬೇಕು. ಹುನಗುಂದದ ಹತ್ತಿರದ ಹಳ್ಳಿಯವರೊಬ್ಬರು ಸೋಮವಾರಕ್ಕೆ ಬುಕ್ ಮಾಡಿದ್ದರು. ಸೋಮವಾರ ಬಸವಣ್ಣನ ವಾರ, ಎತ್ತು ಹೂಡುವುದಿಲ್ಲ, ಊರಿಗೆ ಊರೇ ಬಿಡುವಾಗಿರುತ್ತದೆ ಎಂಬುದು ಅವರ ಎಣಿಕೆ. ಎತ್ತು ಹೂಡದಿದ್ದರೆ ಬಸ್ಸಿನಿಂದ ಟಿ.ವಿ. ಒಯ್ಯಲು ಚಕ್ಕಡಿ ಹೇಗೆ ಬರುತ್ತದೆ ಎಂಬುದು ಅವರಿಗೂ ಹೊಳೆದಿರಲಿಲ್ಲ, ನನಗೂ ಹೊಳೆದಿರಲಿಲ್ಲ. ಬಸ್ಸಿಳಿದು ಟಿ.ವಿ.ಯನ್ನು ತಲೆಯ ಮೇಲೆ ಹೊತ್ತು ನಡೆದೆ. ಈಗ ನೆನೆದರೆ ನಗು ಬರುತ್ತದೆ. ಅಂದು ಬಾಯಿಗೆ ಬಂದದ್ದನ್ನು ಇಲ್ಲಿ ಬರೆಯಲಾರೆ.

ಅವ್ವನಿಗೆ ಈ ವ್ಯಾಪಾರ ನನಗಿಂತ ಚೆನ್ನಾಗಿ ಒಗ್ಗಿತು. ಅಕ್ಷರ ಬಾರದ್ದಕ್ಕೆ ಅವಳು ಕ್ಯಾಸೆಟ್ಟಿನ ಡಬ್ಬಿಗಳಿಗೆ ರೇಷ್ಮೆ ಎಳೆ ಕಟ್ಟಿದಳು. ಅಳುವ ಸಿನಿಮಾಕ್ಕೆ ಕೆಂಪು, ದೇವರ ಸಿನಿಮಾಕ್ಕೆ ಹಸಿರು, ಹೊಡೆದಾಟಕ್ಕೆ ಹಳದಿ. ಪ್ಲೇಯರು ಸುತ್ತಲು ಹಳೆಯ ಸೀರೆಗಳ ಕೌದಿ ಹೊಲಿದಳು. ನಾನು ಊರಲ್ಲಿಲ್ಲದಾಗ ಗಿರಾಕಿಗಳು ಬಂದರೆ, ಯಾರ ಮನೆಯಲ್ಲಿ ಏನು ಕಷ್ಟ ನಡೆದಿದೆ ಅಂತ ನೋಡಿ, ಅದಕ್ಕೆ ತಕ್ಕ ಬಣ್ಣದ ಎಳೆ ಆರಿಸಿ ಕೊಡುತ್ತಿದ್ದಳು. ಅಂಥ ಸುಖದ ದಿನಗಳು ನನಗೆ ಮತ್ತೆ ಬರಲಿಲ್ಲ.

ನನ್ನ ದೋಷವನ್ನೂ ಹೇಳಬೇಕು. ನನ್ನದು ಸುಡು ನಾಲಿಗೆ. ಕ್ಯಾಸೆಟ್ಟಿನ ಮೇಲೆ ಒಂದು ಗೀರು ಕಂಡರೂ ತಂದವರ ಮುಖದ ನೀರಿಳಿಸುತ್ತಿದ್ದೆ.

ಯುಗಾದಿಗೆ ಒಂದು ತಿಂಗಳಿದ್ದಾಗ, ಅಮಾವಾಸ್ಯೆಯ ಮುನ್ನಾ ದಿನ, ಹೊಸ ಕ್ಯಾಸೆಟ್ಟು ತರಲು ಬಾಗಲಕೋಟೆಗೆ ಹೋಗಿದ್ದೆ. ಮರುದಿನದ ಬುಕಿಂಗು ಓಣಿಯ ತುದಿಯ ಮೇಷ್ಟ್ರ ಮನೆಗೆ. ಅವರು ಹೈಸ್ಕೂಲಿನಲ್ಲಿ ಕಲಿಸುತ್ತಿದ್ದರು. ಓದುಬರಹದ ಮನೆತನ, ಪ್ಲೇಯರು ಮುಟ್ಟುವ ಮೊದಲು ಕೈ ತೊಳೆದುಕೊಳ್ಳುತ್ತಿದ್ದ ಏಕೈಕ ಗಿರಾಕಿ. ಅವರ ಮನೆಗೆ ಬೇಕಾಗಿದ್ದ ಕೆಂಪು ಎಳೆಯ ಕ್ಯಾಸೆಟ್ಟು ಬೇರೆಯವರಲ್ಲಿತ್ತು. ಸಂಜೆ ಬಂದು ಕೇಳಿದೆ. ತಿರುಗಿ ಬಂದಿದೆ, ಜಾಗದಲ್ಲಿ ಇಟ್ಟಿದ್ದೇನೆ ಅಂದಳು ಅವ್ವ. ಅಷ್ಟೇ ಅಂದಳು.

ಮರುದಿನ ಮೇಷ್ಟ್ರ ಪಡಸಾಲೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಒಂದು ತಾಸು ಸಿನಿಮಾ ಚೆನ್ನಾಗಿ ಓಡಿತು. ಹೆಂಗಸರು ಸೆರಗಿನಿಂದ ಕಣ್ಣೊರೆಸಲು ಶುರುಮಾಡಿದ್ದರು, ನಾನು ಬಾಗಿಲಲ್ಲಿ ನಿಂತು ಹಿಗ್ಗುತ್ತಿದ್ದೆ. ಅಷ್ಟರಲ್ಲಿ ಪ್ಲೇಯರಿನ ಒಳಗೆ ಕಟ್ ಅಂತ ಸದ್ದಾಯಿತು. ಪರದೆಯ ತುಂಬ ಬಿಳಿ ಗೆರೆ ಓಡಿ, ಆಮೇಲೆ ಬರೀ ಬೂದಿ ಬಣ್ಣ. ಗುಂಡಿ ಒತ್ತಿದರೆ ಒಳಗೆ ಕರಕರ ಸದ್ದು. ಇದ್ದದ್ದು ಅದೊಂದೇ ಪ್ಲೇಯರು. ಅದು ಹೋದರೆ ಅಂಗಡಿ ಹೋಯಿತು, ನಾನು ಮತ್ತೆ ಬಾಗಲಕೋಟೆಯಲ್ಲಿ ಅರಿವೆ ಮಡಚುವುದೇ.

ಆಗ ನಾನು ಮಾಡಿದ್ದನ್ನು ನೆನೆದರೆ ಈಗಲೂ ಮೈ ಮುದುಡುತ್ತದೆ. ಓಣಿಯ ಹೆಂಗಸರ ಮುಂದೆ, ಮೇಷ್ಟ್ರ ಹೆಂಡತಿ ಮಕ್ಕಳ ಮುಂದೆ, ಅವರ ಮೇಲೆ ಹರಿಹಾಯ್ದೆ. ನಿಮ್ಮ ಹುಡುಗರು ಒಳಗೆ ಏನೋ ತುರುಕಿದ್ದಾರೆ ಅಂದೆ. ಓದಿದವರ ಮನೆಗೆ ಕೊಟ್ಟದ್ದೇ ತಪ್ಪಾಯಿತು ಅಂದೆ. ಇನ್ನೂ ಏನೇನೋ ಅಂದೆ. ಮೇಷ್ಟ್ರು ದನಿ ಏರಿಸಲಿಲ್ಲ.

“ನಮ್ಮ ಮನ್ಯಾಗ ಯಾರೂ ಮುಟ್ಟಿಲ್ರಿ,” ಅಂದರು. “ನಿಮಗ ನಂಬಿಕಿ ಇಲ್ಲಂದ್ರ ನಾ ಏನ್ ಹೇಳ್ಲಿ?”

ಹೆಂಗಸರು ಒಬ್ಬೊಬ್ಬರೇ ಎದ್ದು ಹೋದರು. ಆಮೇಲೆ ನಾಲ್ಕು ದಿನ ಅಂಗಡಿಯ ಕಡೆ ಒಬ್ಬರೂ ತಲೆ ಹಾಕಲಿಲ್ಲ. ಮೇಷ್ಟ್ರು ರಸ್ತೆಯ ಆಚೆ ಬದಿಯಿಂದ ಸಾಲೆಗೆ ಹೋಗತೊಡಗಿದರು.

ಐದನೆಯ ದಿನ ಪ್ಲೇಯರನ್ನು ಕೌದಿಯಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ಬಾಗಲಕೋಟೆ ಬಸ್ಸು ಹತ್ತಿದೆ. ಲೈಬ್ರರಿಯವನು ಮುಚ್ಚಳ ಬಿಚ್ಚಿದ. ಒಳಗೆ ಟೇಪು ಸಿಕ್ಕುಸಿಕ್ಕಾಗಿ ಸುತ್ತಿಕೊಂಡಿತ್ತು. ಅದನ್ನು ಕತ್ತರಿಸಿ ಹೊರಗೆಳೆಯುತ್ತ ಹೋದವನು ಒಮ್ಮೆಲೇ ನಿಂತು, ಒಂದು ತುಂಡನ್ನು ಬೆಳಕಿಗೆ ಹಿಡಿದ. ನಗಬೇಕೋ ಅಳಬೇಕೋ ತಿಳಿಯದಂತಿತ್ತು ಅವನ ಮುಖ.

“ಟೇಪಿಗೆ ಗಂಟ ಹಾಕ್ಯಾರಲ್ಲೋ ಮಾರಾಯ. ಇಷ್ಟ್ ಸಣ್ಣ ಗಂಟ ನಾ ಹುಟ್ಟಿದಾಗಿಂದ ನೋಡಿಲ್ಲ.”

ನಾನು ನೋಡಿದ್ದೆ. ಎರಡು ತುದಿಯನ್ನೂ ಎಳೆಯಷ್ಟು ಸಣ್ಣಗೆ ಹೊಸೆದು, ಒಂದರೊಳಗೊಂದು ಸಿಕ್ಕಿಸಿ, ಎಂಜಲು ಹಚ್ಚಿ ಬಿಗಿದು, ಉಳಿದ ಬಾಲವನ್ನು ಕತ್ತರಿಸಿ, ಉಗುರಿನಿಂದ ಚಪ್ಪಟೆ ಮಾಡಿದ ಗಂಟು. ಹುಟ್ಟಿದಾಗಿನಿಂದ ಮಗ್ಗದ ಪಕ್ಕದಲ್ಲಿ ಕೂತು ನಾನು ನೋಡುತ್ತ ಬಂದ ಗಂಟು. ಟೇಪನ್ನು ಓದುವ ಹೆಡ್ಡು ಅಂತ ಒಂದು ಭಾಗ ಇರುತ್ತದೆ, ಗಾಜಿನಷ್ಟು ನುಣುಪು, ಗರಗರ ತಿರುಗುತ್ತಿರುತ್ತದೆ. ಗಂಟು ಅದಕ್ಕೆ ಬಡಿದು ಅದರ ತುದಿಯನ್ನೇ ಮುರಿದಿತ್ತು. ಹೊಸ ಹೆಡ್ಡು ಮುಂಬಯಿಯಿಂದ ಬರಬೇಕು, ಅರ್ಧ ಪ್ಲೇಯರಿನ ಬೆಲೆ ಅಂದ ಅವನು. ಆ ತುಂಡನ್ನು ನಾನು ಕಿಸೆಯಲ್ಲಿ ಇಟ್ಟುಕೊಂಡೆ.

ತಿರುಗಿ ಬರುವಾಗ ಬಸ್ಸಿನಲ್ಲಿ ಮೊದಲು ಸಿಟ್ಟು ಬಂತು, ಶಿರೂರು ದಾಟುವಷ್ಟರಲ್ಲಿ ಅದು ಇಳಿದು ನಾಚಿಕೆಯಾಯಿತು. ಊರಿಗೆಲ್ಲ ಓದಿ ಹೇಳಿದವನು ಅವ್ವನಿಗೆ ಒಂದು ಮಾತು ಹೇಳಿರಲಿಲ್ಲ. ಅಮೀನಗಡದಲ್ಲಿ ಬಸ್ಸು ನಿಂತಾಗ ಇಳಿದು ಕರದಂಟು ಕಟ್ಟಿಸಿಕೊಂಡೆ. ಇಳಕಲ್ಲಿಗೆ ಬಂದವನು ನೇರ ಮೇಷ್ಟ್ರ ಮನೆಗೆ ಹೋದೆ. ನಿಮ್ಮ ಮನೆಯವರ ತಪ್ಪು ಏನೂ ಇಲ್ಲ, ತಪ್ಪೆಲ್ಲ ನನ್ನದು ಅಂದೆ. ಏನಾಗಿತ್ತು ಅಂತ ಅವರು ಕೇಳಿದರು. ಅದನ್ನು ಹೇಳದೆ, ತಂದದ್ದನ್ನು ಮುಂದೆ ಹಿಡಿದೆ. ಅವರು ಕರದಂಟಿನ ಪೊಟ್ಟಣವನ್ನು ಗೂಡಿನಲ್ಲಿಟ್ಟು, ಆಗಲಿ ಬಿಡಿ ಅಂದರು. ಮುಖದ ಬಿಗುವು ಮಾತ್ರ ಸಡಿಲಲಿಲ್ಲ.

ಮನೆಯಲ್ಲಿ ಅವ್ವ ಕುಣಿಯ ಹಲಗೆಯ ಮೇಲೆ ಕೂತು ದಾರಿ ನೋಡುತ್ತಿದ್ದಳು. ನಾನು ಚಪ್ಪಲಿ ಬಿಡುವ ಮೊದಲೇ ಎಲ್ಲ ಹೇಳಿಬಿಟ್ಟಳು. ಆ ಕ್ಯಾಸೆಟ್ಟು ತಿರುಗಿ ತಂದವಳು ಓಣಿಗೆ ಹೊಸದಾಗಿ ಲಗ್ನವಾಗಿ ಬಂದ ಸೊಸೆ. ಟೇಪು ಹರಿದಿತ್ತು. ನನ್ನ ಬೈಗುಳಕ್ಕೆ ಹೆದರಿ ಹುಡುಗಿ ಹೊಸ್ತಿಲಲ್ಲೇ ಅಳುತ್ತ ನಿಂತಿದ್ದಳು. ಮರುದಿನದ ಬುಕಿಂಗು ತಪ್ಪಬಾರದು, ಹುಡುಗಿಗೂ ಮಾತು ಬರಬಾರದು ಅಂತ ಅವ್ವ ತಾನೇ ಜೋಡಿಸಿಟ್ಟಿದ್ದಳು. ಹೇಳುವಾಗ ಅವಳ ಕೈ ಸೆರಗಿನ ಅಂಚನ್ನು ಹೊಸೆಯುತ್ತಿತ್ತು. ಆಮೇಲೆ ಮೆಲ್ಲಗೆ ಕೇಳಿದಳು:

“ನಾ ಹಾಕಿದ ಗಂಟ ಬಿಚ್ಚಿತೇನೋ ಯಪ್ಪಾ?”

ಐದು ದಿನ ಅವಳನ್ನು ಕೊರೆದದ್ದು ಅದೇ. ಕೈ ತಪ್ಪಿತೇನೋ, ಗಂಟು ಸಡಿಲಾಯಿತೇನೋ ಎಂಬುದು. ನನ್ನ ಕೈ ಕಿಸೆಯಲ್ಲಿತ್ತು.

“ಇಲ್ಲಬೇ, ಗಂಟ ಬಿಚ್ಚಿಲ್ಲ,” ಅಂದೆ. “ಮಷಿನ್ ಹಳೇದಾಗಿತ್ತು.”

ಅವಳು ದೊಡ್ಡ ಉಸಿರು ಬಿಟ್ಟಳು. ಮರುದಿನವೇ ಅಟ್ಟದಿಂದ ಮಗ್ಗ ಇಳಿಸಿದಳು. ಬಾಗಲಕೋಟೆ ಬಸ್ಸಿನ ಮಾತು ಎತ್ತಲಿಲ್ಲ. ಯುಗಾದಿ ಬಂದು ಹೋಯಿತು, ನಾನು ನೂಲು ಸುತ್ತಿದೆ, ಅವಳು ನೇಯ್ದಳು. ಆ ಸೀರೆಗಳನ್ನು ಮಾರಿ ಬಂದದ್ದರಲ್ಲೇ ಮುಂಬಯಿಯ ಹೆಡ್ಡು ಬಂತು. ತನ್ನ ಗಂಟಿನಿಂದ ಮುರಿದ ಹೆಡ್ಡಿನ ಬೆಲೆಯನ್ನು ತಾನೇ ನೇಯ್ದು ತೀರಿಸುತ್ತಿದ್ದೇನೆ ಎಂಬುದು ಅವಳಿಗೆ ಗೊತ್ತಿರಲಿಲ್ಲ. ಪಕ್ಕದಲ್ಲಿ ಕೂತು ನೋಡುತ್ತಿದ್ದ ನನಗೆ ಎಷ್ಟೋ ಸಲ ಹೇಳಿಬಿಡಬೇಕು ಅನ್ನಿಸಿತು. ಹೇಳಲಿಲ್ಲ.

ಅಂಗಡಿ ಮತ್ತೆ ತೆರೆದ ದಿನ ಮಗ್ಗ ಕುಣಿಯಲ್ಲಿತ್ತು, ಕ್ಯಾಸೆಟ್ಟುಗಳು ಅದರ ಮೇಲೆ ಗೋಡೆಗೆ ಬಡಿದ ಹಲಗೆಯಲ್ಲಿದ್ದವು, ಗಿರಾಕಿಗಳಿಗೆ ಬಾಗಿಲ ಕಟ್ಟೆ. ಮುಂದೆ ಕೇಬಲ್ಲಿನ ತಂತಿ ಓಣಿಗೆ ಬರುವವರೆಗೂ ಅದು ಹಾಗೇ ನಡೆಯಿತು. ಆ ಮೊದಲ ದಿನ ಯಾರು ಬಂದಾರು ಅಂತ ನಾನು ಕಟ್ಟೆಯ ಮೇಲೆ ಕೂತೇ ಇದ್ದೆ. ಮಧ್ಯಾಹ್ನ ಮೇಷ್ಟ್ರು ರಸ್ತೆ ದಾಟಿ ಬಂದರು. ಅರ್ಧಕ್ಕೆ ನಿಂತ ಸಿನಿಮಾ ಮನೆಯವರಿಗೆ ಪೂರ್ತಿ ನೋಡಬೇಕಂತೆ ಅಂದರು. ನಾನು ಹೊಸ ಪ್ರತಿಯ ಡಬ್ಬಿ ಹುಡುಕುತ್ತಿದ್ದಾಗ ಅವ್ವ ಮಗ್ಗದಿಂದಲೇ ಮಾತು ತೆಗೆದಳು. ಟೇಪು ಹರಿದದ್ದು, ತಾನು ಜೋಡಿಸಿದ್ದು, ಮಷಿನ್ ಕೆಟ್ಟರೂ ತನ್ನ ಗಂಟು ಬಿಚ್ಚದೇ ಇದ್ದದ್ದು, ಎಲ್ಲ ಹೆಮ್ಮೆಯಿಂದ ಹೇಳಿದಳು.

ಮೇಷ್ಟ್ರು ಹರಿದ ಟೇಪಿನ ಬಗ್ಗೆ ನಾನು ಗೋಡೆಗೆ ಬರೆದು ಹಾಕಿದ್ದನ್ನು ಓದಿದರು. ಅವ್ವನನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು. ನಾನು ತಲೆ ತಗ್ಗಿಸಿದೆ. ಓಣಿಯ ಮುಂದೆ ನಾನು ತೆಗೆದ ಅವರ ಮಾನವನ್ನು ತಿರುಗಿ ಪಡೆಯಲು ಅವರಿಗೆ ಒಂದೇ ಮಾತು ಸಾಕಿತ್ತು.

“ಹೌದ್ರಿ ಯವ್ವಾ,” ಅಂದರು ಮೇಷ್ಟ್ರು. “ನಾನೂ ಕೇಳೇನಿ. ಗಂಟ ಭಾಳ ಗಟ್ಟಿ ಇತ್ತಂತ.”

ಅವ್ವ ನಕ್ಕು ಲಾಳಿ ಎಸೆದಳು. ಮೇಷ್ಟ್ರು ಡಬ್ಬಿ ಇಸಿದುಕೊಂಡು, ರಸ್ತೆಯ ಈಚೆ ಬದಿಯಿಂದಲೇ ಮನೆಗೆ ಹೋದರು.