ಅಡುಗೆಮನೆಯ ಕಿಟಕಿಯಲ್ಲಿ ಪೊಲೀಸ್ ರೇಡಿಯೋ

ಬ್ರಿಸ್ಬೇನಿನಲ್ಲಿ ಆಗಿನ್ನೂ ಪೊಲೀಸರ ರೇಡಿಯೋವನ್ನು ಯಾರು ಬೇಕಾದರೂ ಕೇಳಬಹುದಿತ್ತು. ಪಕ್ಕದ ಮನೆಯ ಅಂಕಲ್, ಮೈಸೂರಿನ ನಿವೃತ್ತ ಎಂಜಿನಿಯರ್, ಅದಕ್ಕೆಂದೇ ಒಂದು ಸ್ಕ್ಯಾನರ್ ರೇಡಿಯೋ ಕೊಂಡು ಅಡುಗೆಮನೆಯ ಕಿಟಕಿಯಲ್ಲಿಟ್ಟಿದ್ದರು. ಎಲ್ಲಿ ಕಳ್ಳತನ, ಯಾವ ರಸ್ತೆ ಬಂದ್ ಎಂದು ಕನ್ನಡದವರಿಗೆಲ್ಲ ಫೋನ್ ಮಾಡುವುದು ಅವರ ಸಮಾಜಸೇವೆ. ಊರ ಉಸಾಬರಿ ಎಂದು ನಾನು ರೇಗಿಸುತ್ತಿದ್ದೆ. ಆದರೆ ನೆರೆ ಬಂದ ದಿನ ಮುಳುಗಿದ ರಸ್ತೆಗೆ ನಾನು ಕಾರು ಇಳಿಸದಂತೆ ತಡೆದದ್ದೂ ಅವರ ಫೋನೇ.

ಒಂದು ಭಾನುವಾರ ಮಧ್ಯಾಹ್ನ ಅವರ ಮನೆಯಲ್ಲಿ ಕಾಫಿಗೆ ಕೂತಿದ್ದೆ; ಅವರ ಹೆಂಡತಿ, ಆಂಟಿ, ಒಲೆಯ ಬಳಿ ಇದ್ದರು. ರೇಡಿಯೋ ಗೊರಗುಟ್ಟಿ ಒಂದು ವಿಳಾಸ ಹೇಳಿತು. ಹೆಂಗಸೊಬ್ಬಳು ಬಾತ್‌ರೂಮಿನ ಚಿಲಕ ಹಾಕಿಕೊಂಡು ಪಿಸುದನಿಯಲ್ಲಿ ಪೊಲೀಸರಿಗೆ ಕರೆ ಮಾಡಿದ್ದಾಳೆ, ಗಂಡ ಹೊಡೆದಿದ್ದಾನೆ, ಕರೆ ಮಾಡಿದ್ದು ಅವನಿಗೆ ಗೊತ್ತಿಲ್ಲ. ಆ ಮನೆ ನಮಗೆ ಗೊತ್ತಿತ್ತು. ಹಿಂದಿನ ತಿಂಗಳಷ್ಟೇ ಅಲ್ಲಿ ಸತ್ಯನಾರಾಯಣ ಪೂಜೆಯ ಸಪಾದಭಕ್ಷ್ಯ ತಿಂದು ಬಂದಿದ್ದೆವು.

ಅಂಕಲ್ ಫೋನ್ ಎತ್ತಿಕೊಂಡರು.

“ಯಾರಿಗೆ ಮಾಡ್ತಿದ್ದೀರಿ?” ಎಂದೆ.

“ಆ ಹುಡುಗನಿಗೆ. ನಮ್ಮವ್ನೇ ಅಲ್ವಾ, ಎರಡು ಬುದ್ಧಿಮಾತು ಹೇಳ್ತೀನಿ. ಪೊಲೀಸ್ ಕೇಸ್ ಆದ್ರೆ ವೀಸಾನೇ ಹೋಗ್ಬಿಡುತ್ತಮ್ಮ.”

“ಅವ್ಳು ಫೋನ್ ಮಾಡಿದ್ದು ಅವನಿಗೆ ಗೊತ್ತಾಗುತ್ತೆ, ಅಂಕಲ್.”

ಹಿರಿಯರೆಂದೂ ನೋಡದೆ ಫೋನ್ ಕಿತ್ತುಕೊಂಡು ಕಟ್ ಮಾಡಿದೆ. ಅಷ್ಟರಲ್ಲಿ ಆ ಕಡೆ ರಿಂಗ್ ಆಗಿಹೋಗಿತ್ತು. ತಕ್ಷಣ ಅವನೇ ವಾಪಸ್ ಮಾಡಿದ.

ಎತ್ತದಿದ್ದರೆ ಅನುಮಾನ, ಎತ್ತಿದರೆ ಏನು ಹೇಳುವುದು? ಆಂಟಿ ಒಲೆ ಆರಿಸಿ ಬಂದು ಫೋನ್ ತೆಗೆದುಕೊಂಡರು.

“ಏನಿಲ್ಲಪ್ಪ, ಯುಗಾದಿ ಪಾಟ್‌ಲಕ್‌ಗೆ ನೀವೇನ್ ತರ್ತೀರಿ ಅಂತ ಕೇಳೋಣ ಅಂತ. ಪುಳಿಯೋಗರೆ ಆಗುತ್ತಾ? ಗೊಜ್ಜು ಬೇಕಾದ್ರೆ ನಾನೇ ಮಾಡ್ಕೊಡ್ತೀನಿ.”

ಹುಣಸೆಹಣ್ಣು, ಎಳ್ಳು, ಬೆಲ್ಲ ಎಂದು ಮಾತು ಎಳೆಯುತ್ತಲೇ ಹೋದರು. ದನಿಯಲ್ಲಿ ಒಂದಿಷ್ಟೂ ಹೆಚ್ಚುಕಮ್ಮಿಯಿಲ್ಲ, ಇನ್ನೊಂದು ಕೈ ಮಾತ್ರ ಸೆರಗನ್ನು ಹಿಂಡುತ್ತಿತ್ತು. ಕೊನೆಗೆ ಫೋನಿನೊಳಗೆ ಕರೆಗಂಟೆ ಕೇಳಿಸಿತು. “ಯಾರೋ ಬಂದ್ರು, ಇರಿ ಆಂಟಿ” ಎಂದ. ಪೊಲೀಸರೇ ಇರಬೇಕೆಂದು ಆಂಟಿ ಫೋನ್ ಇಟ್ಟು ಕುರ್ಚಿಯಲ್ಲಿ ಕೂತರು. ಮುಂದೇನಾಯಿತೆಂದು ಕೇಳಲು ಅಂಕಲ್ ರೇಡಿಯೋದ ಸದ್ದು ಜೋರು ಮಾಡಿದರು. ನನಗೆ ಮೈಯೆಲ್ಲ ಉರಿದುಹೋಯಿತು.

ಈಗ ಪೊಲೀಸರು ತಮ್ಮ ರೇಡಿಯೋ ಮಾತು ಹೊರಗಿನವರಿಗೆ ಕೇಳದಂತೆ ಮಾಡಿದ್ದಾರೆ. “ಪೊಲೀಸ್ ಏನ್ ಮಾಡ್ತಾರೆ ಅಂತ ಜನ ತಿಳ್ಕೋಬಾರ್ದಾ?” ಎಂದು ಅಂಕಲ್ ಇನ್ನೂ ಗೊಣಗುತ್ತಾರೆ. ಅದು ತಪ್ಪು ಮಾತಲ್ಲ, ಒಪ್ಪುತ್ತೇನೆ. ಆದರೆ ಅಂದು ಕರೆ ಮಾಡಿದ್ದ ಆ ಹೆಂಗಸು ಪರ್ತ್‌ಗೆ ಹೊರಡುವ ಮುಂಚೆ ಆಂಟಿಯನ್ನು ನೋಡಲು ಬಂದಿದ್ದಳು. ಆಂಟಿ ನಡೆದದ್ದನ್ನೆಲ್ಲ ಮುಚ್ಚಿಡದೆ ಹೇಳಿದರು. ಅವಳು ಕಿಟಕಿಯಲ್ಲಿದ್ದ ಸ್ಕ್ಯಾನರಿನತ್ತ ಕೈ ತೋರಿಸಿದಳು.

“ಆಂಟಿ, ಇಂಥದ್ದು ಇನ್ನೂ ಯಾರ್ಯಾರ ಮನೇಲಿದೆ?”