ಎರಡು ಕುರಿ ತೂಕದ ಸೊಸೆಗೆ ವಿಟಮಿನ್

ಮದುವೆಯಾಗಿ ನಾಲ್ಕು ವರ್ಷವಾದರೂ ನನಗೆ ಮಕ್ಕಳಾಗಿರಲಿಲ್ಲ. ಅದನ್ನು ನನಗಿಂತ ಹೆಚ್ಚಾಗಿ ತಲೆಗೆ ಹಚ್ಚಿಕೊಂಡವರು ನಮ್ಮತ್ತೆ. ಯಲ್ಲದಕೆರೆಯ ನಮ್ಮ ಮನೆಯಲ್ಲಿ ಎಂಬತ್ತು ಕುರಿಗಳಿವೆ, ಅವುಗಳ ಬಸಿರು ಬಾಣಂತನವೆಲ್ಲ ಅತ್ತೆಯದೇ ಉಸ್ತುವಾರಿ. ಟಗರು ಬಿಡುವ ಮುಂಚೆ ಹೆಣ್ಣು ಕುರಿಗಳಿಗೆ ವಿಟಮಿನ್ ಔಷಧಿ ಕುಡಿಸುತ್ತಾರೆ. ಆ ವರ್ಷ ಏಳೆಂಟು ಕುರಿಗಳು ಅವಳಿ ಮರಿ ಹಾಕಿದವು. ಅತ್ತೆ ಮರಿಗಳನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. ಆ ನೋಟ ನನಗೆ ಆಗಲೇ ಅರ್ಥವಾಗಬೇಕಿತ್ತು.

ಮರುದಿನ ಕುರಿ ಔಷಧಿಯ ಖಾಲಿ ಬಾಟಲಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಹಿರಿಯೂರಿನ ಬಸ್ಸು ಹತ್ತಿದರು. ಮೆಡಿಕಲ್ ಶಾಪಿನಲ್ಲಿ ಅದನ್ನಿಟ್ಟು, "ಇದ್ರಾಗೆ ಏನೇನ್ ಐತೋ ಅದ್ನೇ ಮನುಷ್ಯರದ್ದು ಕೊಡ್ರಿ" ಎಂದರಂತೆ. ಯಾರಿಗೆ, ಯಾಕೆ ಎಂದು ಅಂಗಡಿಯವನು ಕೇಳಲಿಲ್ಲ. ಎ ಮತ್ತು ಇ ವಿಟಮಿನ್ ಎರಡೂ ಸೇರಿದ ಕ್ಯಾಪ್ಸೂಲಿನ ಡಬ್ಬಿ ಕೊಟ್ಟು, ದಿನಕ್ಕೊಂದು ಎಂದು ಹೇಳಿ ಕಳಿಸಿದ.

ದಿನಕ್ಕೊಂದು ಅನ್ನುವುದು ಅತ್ತೆಗೆ ಒಪ್ಪಿಗೆಯಾಗಲಿಲ್ಲ. ಅವರು ಕುರಿಯ ಮೈ ನೋಡಿ ಔಷಧಿಯ ಅಳತೆ ಹಾಕುವವರು. ನನ್ನನ್ನು ಅಂಗಳದಲ್ಲಿ ನಿಲ್ಲಿಸಿ, ಸೊಂಟ ತಬ್ಬಿ ಒಂದು ಸಲ ಮೇಲೆತ್ತಿ ನೋಡಿದರು.

"ಎರಡು ಕುರಿ ತೂಕ ಇದೀಯ. ದಿನಕ್ಕೆ ಎರಡು ನುಂಗು."

"ಮೂರು ಕುರಿ ಇರಬೌದು ಕಣವ್ವ, ಸರಿಯಾಗಿ ಎತ್ತು" ಎಂದು ನಮ್ಮನೆಯವರು ಕಿಚಾಯಿಸಿದರು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಡಿಗ್ರಿ ಮುಗಿಸಿದವಳು ನಾನು, ಡಬ್ಬಿಯ ಮೇಲಿನದನ್ನು ಓದಬಹುದಿತ್ತು. ವಿಟಮಿನ್ ತಾನೇ, ಹೆಚ್ಚಾದರೆ ಇನ್ನೂ ಒಳ್ಳೆಯದೇ ಎಂದು ನುಂಗಿದೆ. ಭಾನುವಾರ ಕುರಿಯ ಲಿವರ್ ಹುರಿದರೆ ಅದೂ ಪೂರ್ತಿ ನನ್ನ ತಟ್ಟೆಗೇ ಬೀಳುತ್ತಿತ್ತು.

ಎರಡು ತಿಂಗಳಾಗುವಷ್ಟರಲ್ಲಿ ಮುಟ್ಟು ನಿಂತಿತು. ಪರೀಕ್ಷೆ ಮಾಡುವ ಕಿಟ್ ತರಿಸಿದೆ, ಅದರಲ್ಲಿ ಎರಡು ಗೆರೆ ಮೂಡಿದವು. ಅದನ್ನು ಹಿಡಿದುಕೊಂಡು ಕುರಿ ರೊಪ್ಪಕ್ಕೆ ಓಡಿದೆ. ಅತ್ತೆ ತಿರುಗಿಸಿ ಮುರುಗಿಸಿ ನೋಡಿ, "ಎರಡು ಗೆರೆ ಅಂದ್ರೆ ಎರಡು ಮರೀನೇನೇ?" ಎಂದರು. ನಗುತ್ತಾ ಅಳುತ್ತಾ ಇಬ್ಬರೂ ಕೈ ಹಿಡಿದು ಗಿರಗಿರ ತಿರುಗಿದೆವು. ಕುರಿಗಳು ಗಾಬರಿಯಾಗಿ ರೊಪ್ಪದ ಮೂಲೆಗೆ ಹೋಗಿ ನಿಂತವು. ಅಷ್ಟು ಖುಷಿ ನನಗೆ ಮದುವೆಯ ದಿನವೂ ಆಗಿರಲಿಲ್ಲ.

ಚಿತ್ರದುರ್ಗದ ಆಸ್ಪತ್ರೆಗೆ ಹೋದೆವು. ಏನಾದರೂ ಮಾತ್ರೆ ತಗೊಳ್ತಿದ್ದೀಯೇನಮ್ಮ ಎಂದು ಡಾಕ್ಟರಮ್ಮ ಕೇಳಿದ್ದೇ ತಡ, ಅತ್ತೆ ಹೆಮ್ಮೆಯಿಂದ ಡಬ್ಬಿ ತೆಗೆದು ಮೇಜಿನ ಮೇಲಿಟ್ಟರು. ಅದನ್ನು ಓದುತ್ತಾ ಡಾಕ್ಟರಮ್ಮನ ಮುಖದ ನಗು ಇಳಿಯಿತು.

"ದಿನಕ್ಕೆ ಎಷ್ಟು?"

ಏನೋ ಎಡವಟ್ಟಾಗಿದೆ ಎಂದು ಗೊತ್ತಾಯಿತು. ಅತ್ತೆಗೆ ಬೈಗುಳ ಬೀಳಬಾರದೆಂದು, "ಒಂದು" ಎಂದೆ.

"ಸುಳ್ಳು ಹೇಳ್ತಾಳೆ ಡಾಕ್ಟ್ರಮ್ಮ," ಎಂದರು ಅತ್ತೆ. "ಎರಡು. ನಾನೇ ಅಳತೆ ಹಾಕಿ ನುಂಗ್ಸಿದ್ದು. ಲಿವರೂ ತಿನ್ನಿಸೀನಿ."

ಡಾಕ್ಟರಮ್ಮ ಬೈಯಲಿಲ್ಲ, ಬಿಡಿಸಿ ಹೇಳಿದರು. ಎ ವಿಟಮಿನ್ ಹೆಚ್ಚಾದರೆ ಮೂತ್ರದಲ್ಲಿ ಹೋಗಿಬಿಡುವುದಿಲ್ಲ, ಮೈಯಲ್ಲೇ ಸೇರಿಕೊಳ್ಳುತ್ತದೆ, ಲಿವರಿನಲ್ಲೂ ಅದೇ ತುಂಬಿರುತ್ತದೆ. ಮಗುವಿನ ಅಂಗಾಂಗ ಮೂಡುವ ಮೊದಲ ವಾರಗಳಲ್ಲಿ ಅದು ಅತಿಯಾದರೆ ಮಗುವಿಗೆ ಊನವಾಗಬಹುದು. ಇ ವಿಟಮಿನ್ನೂ ಅಷ್ಟೇ, ಕೇಳದೆ ನುಂಗುವುದಲ್ಲ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ ರಕ್ತಸ್ರಾವವಾಗಬಹುದು. "ಮಾತ್ರೆ, ಲಿವರ್ ಎರಡೂ ಇವತ್ತೇ ನಿಲ್ಸಿ. ಸೊಪ್ಪು, ಕ್ಯಾರೆಟ್ ತಿನ್ನಬಹುದು. ಸಾಮಾನ್ಯವಾಗಿ ಏನೂ ಆಗಲ್ಲ, ಆದ್ರೆ ಐದನೇ ತಿಂಗಳ ಸ್ಕ್ಯಾನಿಂಗ್‌ವರೆಗೂ ನಾನು ಖಾತ್ರಿ ಕೊಡಕ್ಕಾಗಲ್ಲ. ಅಂದಹಾಗೆ, ನೀನು ಬಸಿರಾಗಿದ್ದು ಈ ಮಾತ್ರೆಯಿಂದಲ್ಲ" ಎಂದರು.

ಆಮೇಲಿನ ತಿಂಗಳುಗಳಲ್ಲಿ ನನಗೆ ಬೆಳಿಗ್ಗೆ ಎದ್ದರೆ ಖುಷಿ, ಸಂಜೆಯಾದರೆ ಭಯ. ಅತ್ತೆಗೆ ಮಾತ್ರ ಹೊತ್ತೆಲ್ಲ ಭಯವೇ. ಬಾಳೆಹಣ್ಣು ಸುಲಿದರೂ, "ತಡಿಯೇ, ಡಾಕ್ಟ್ರಮ್ಮನ ಕೇಳಿದೀಯಾ?" ಅನ್ನುತ್ತಿದ್ದರು. ಒಂದು ದಿನ ನನಗೆ ರೇಗಿ, ನೀರು ಕುಡಿಯಲಿಕ್ಕೂ ಚೀಟಿ ಬರೆಸಿಕೊಂಡು ಬರಲಾ ಎಂದೆ. ಅವರು ಎದ್ದು ರೊಪ್ಪಕ್ಕೆ ಹೋದರು. ಅಂದು ಉಣ್ಣಲೂ ಇಲ್ಲ.

ಐದನೇ ತಿಂಗಳಲ್ಲಿ ಸ್ಕ್ಯಾನಿಂಗ್ ಕೋಣೆಗೆ ನಾನು ಒತ್ತಾಯ ಮಾಡಿ ಅವರನ್ನು ಕರೆದುಕೊಂಡು ಹೋದೆ. ಬಾಗಿಲ ಪಕ್ಕ ಗೋಡೆಗೆ ಒತ್ತಿಕೊಂಡು ನಿಂತರು. ಡಾಕ್ಟರಮ್ಮ ಬಹಳ ಹೊತ್ತು ನೋಡಿ, ಹೃದಯ ಚೆನ್ನಾಗಿದೆ, ಮುಖ ಚೆನ್ನಾಗಿದೆ, ಬೆನ್ನೂ ಸರಿಯಿದೆ ಎಂದರು. ಅತ್ತೆ ಬಾಯಿ ತೆರೆದದ್ದು ಕಂಡು, "ಗಂಡೋ ಹೆಣ್ಣೋ ಹೇಳಲ್ಲಮ್ಮ" ಎಂದು ಮೊದಲೇ ತಡೆದರು.

"ಅದು ನಂಗೆ ಬ್ಯಾಡ್ರಿ. ಬೆರಳು ಎಷ್ಟ್ ಅವೆ, ಅದೊಂದು ಹೇಳ್ರಿ."

ಡಾಕ್ಟರಮ್ಮ ಗಟ್ಟಿಯಾಗಿ ಒಂದೊಂದೇ ಎಣಿಸಿದರು. ಹತ್ತಕ್ಕೆ ಬಂದಾಗ ಅತ್ತೆ ಬಾಯಿಗೆ ಸೆರಗು ಒತ್ತಿಕೊಂಡು ಅಲ್ಲೇ ನೆಲದ ಮೇಲೆ ಕುಸಿದು ಕುಳಿತರು. ನಾನು ನಕ್ಕುಬಿಟ್ಟೆ, ಹೊಟ್ಟೆ ಕುಲುಕಿ ಪರದೆಯ ಮೇಲಿನ ಮಗುವೂ ಅಲ್ಲಾಡಿತು.

"ನಗಬೇಡಮ್ಮ, ಕಾಲ್ಬೆರಳು ಕಾಣ್ತಿಲ್ಲ" ಎಂದರು ಡಾಕ್ಟರಮ್ಮ.

"ನಿಧಾನಕ್ಕೆ ಎಣಿಸ್ರಿ," ಎಂದಿತು ನೆಲದಿಂದ ಒದ್ದೆ ದನಿ. "ನಮಗೇನೂ ಅವಸರ ಇಲ್ಲ."