ಬೀದಿ ಕಟ್ಟೆಯ ಮೇಲಿನ ಬುತ್ತಿ

ವರದಾ ಪ್ರಜ್ಞಾಳನ್ನು ಮೊದಲು ನೋಡಿದ್ದು ಬೈಲಹೊಂಗಲದ ಬಸ್ ನಿಲ್ದಾಣದಲ್ಲಿ, ಶ್ರಾವಣ ಮುಗಿದ ಮರುದಿನ ಬೆಳಿಗ್ಗೆ ಎಂಟೂಕಾಲಿಗೆ. ಮನೋಳಿ ಮೇಲಿಂದ ಬರುವ ಸವದತ್ತಿ ಬಸ್ಸು ಆಗಷ್ಟೇ ಬಂದು ನಿಂತಿತ್ತು. ನೀಲಿ ಚೂಡಿದಾರದ ಎತ್ತರದ ಹುಡುಗಿಯೊಬ್ಬಳು ಬಾಗಿಲಿಗೆ ಒಂದು ಕೈ ಅಡ್ಡವಿಟ್ಟು ಕಂಡಕ್ಟರನ್ನು ಕೆಳಗಿಳಿಯಲು ಬಿಡದೆ ನಿಂತಿದ್ದಳು. ಇನ್ನೊಂದು ಕೈಯಲ್ಲಿ ಹಳೆಯ ಹಸಿರು ಸೀರೆಯ ತುಂಡಿನಲ್ಲಿ ಕಟ್ಟಿದ ಬುತ್ತಿ. ಗಂಟಿನ ಸಂದಿಯಿಂದ ಜೋಳದ ರೊಟ್ಟಿಯ ಅಂಚು ಇಣುಕುತ್ತಿತ್ತು. ಬಟ್ಟೆಯ ಮೂಲೆಗೆ ಬದನೆಕಾಯಿ ಪಲ್ಯದ ಎಣ್ಣೆ ಹತ್ತಿತ್ತು.

ಓದುವ ಮಕ್ಕಳಿಗೆ ಊರಿನ ಮೊದಲ ಬಸ್ಸಿನಲ್ಲಿ ಬುತ್ತಿ ಕಳಿಸುವುದು ಆ ಕಡೆ ಹೊಸದಲ್ಲ. ಅಲ್ಲಿ ಅಪ್ಪ ಡ್ರೈವರನ ಸೀಟಿನ ಹಿಂದೆ ಇಡುತ್ತಾನೆ, ಇಲ್ಲಿ ಮಗಳು ಇಳಿಸಿಕೊಳ್ಳುತ್ತಾಳೆ. ಆದರೆ ಕಂಡಕ್ಟರ್ ನಿಜಗುಣಪ್ಪ ಈ ದಾರಿಗೆ ಹೊಸಬ.

"ಇದು ಬಸ್ಸವಾ, ಖಾನಾವಳಿ ಅಲ್ಲ. ನಾಳಿಂದ ಬುತ್ತಿಗಿತ್ತಿ ತರೂದಿಲ್ಲ."

"ಬೇಕಾದ್ರ ಇದಕ್ಕೂ ಟಿಕೆಟ್ ಹರೀರಿ ಅಣ್ಣಾರ. ಆದ್ರ ಟಿಕೆಟ್ ಹರದ ಮ್ಯಾಲ ನನ್ನ ಬುತ್ತಿಗೆ ಕಿಡಕಿ ಕಡೆ ಸೀಟ್ ಕೊಡಬೇಕು."

"ಬುತ್ತಿಗೆ ಎಲ್ಲೈತಿ ಟಿಕೆಟ್?"

"ಹೆಂಗಸರಿಗೆ ಪುಕ್ಕಟೆ ಐತೆಲ್ರಿ. ಇದು ನಮ್ಮವ್ವನ ಕೈಯಾಂದು. ಹೆಂಗಸರ ಲೆಕ್ಕಕ್ಕ ಹಿಡೀರಿ."

ಒಳಗಿದ್ದವರೆಲ್ಲ ನಕ್ಕರು. ನಿಜಗುಣಪ್ಪ ನಗಲಿಲ್ಲ. "ನಾಳಿಂದ ತಲಿ ತಿನ್ನದ ಸುಮ್ಮನ ತಗೊಂಡ ಹೋಗು" ಎಂದು ಗೊಣಗಿದ. ಬುತ್ತಿ ನಾಳೆಯೂ ಬರುತ್ತದೆ ಎಂದು ವರದಾಗೆ ಅರ್ಥವಾಯಿತು.

ಆ ಹುಡುಗಿ ತಾನಿರುವ ಮನೆಗೇ ಹೊಸದಾಗಿ ಬಂದವಳು ಎಂದು ವರದಾಗೆ ತಿಳಿದದ್ದು ಸಂಜೆ. ಸುಂದರವ್ವನ ಮನೆಯಲ್ಲಿ ಕಾಲೇಜಿನ ಎಂಟು ಹುಡುಗಿಯರಿದ್ದರು. ರೂಮು, ಊಟ ಎರಡೂ ಅಲ್ಲೇ. ಸಾರಿನಲ್ಲಿ ತಾಟಿನ ತಳ ಕಾಣುತ್ತಿತ್ತು. ವರದಾ ಎರಡು ವರ್ಷದಿಂದ ಅದನ್ನೇ ಉಂಡು, ಸಾಲದ್ದಕ್ಕೆ ಬಿಸ್ಕಿಟ್ಟು ತಿಂದು ದಿನ ನೂಕುತ್ತಿದ್ದಳು. ಆ ವರ್ಷವಷ್ಟೇ ವರದಾಳ ತರಗತಿಗೆ ಬಂದು ಸೇರಿದ ಪ್ರಜ್ಞಾ ಮಾತ್ರ ರೂಮಷ್ಟನ್ನೇ ಹಿಡಿದಿದ್ದಳು. ಅವಳಪ್ಪ ಸೋಮಪ್ಪ ಮನೋಳಿಯಲ್ಲಿ ಗೋಡೆ ಕಟ್ಟುವ ಗೌಂಡಿ. ಊಟದ ದುಡ್ಡು ಕೊಡುವ ಶಕ್ತಿ ಆ ಮನೆಗಿರಲಿಲ್ಲ. ಜೋಳವಿತ್ತು, ಮುಂಜಾನೆ ನಾಲ್ಕಕ್ಕೆದ್ದು ರೊಟ್ಟಿ ಬಡಿಯುವ ಅವ್ವ ಶೆಟ್ಟೆವ್ವ ಇದ್ದಳು.

ಒಂದು ದಿನ ತರಗತಿಯಲ್ಲಿ ವರದಾ ಕಣ್ಣು ಕತ್ತಲೆ ಬಂದು ಬೆಂಚಿಗೆ ಒರಗಿದಳು. ಪ್ರಜ್ಞಾ ನೀರು ಕುಡಿಸಿದಳು.

"ಏನ ತಿಂದೀ ಮುಂಜಾನೆ?"

"ಬಿಸ್ಕಿಟ್."

"ನಿಮ್ಮೂರು ಹೂಲಿ ಹೊಲದಾಗ ಆಳೆತ್ತರ ಜ್ವಾಳಾ ನಿಂತಾವ. ನೀ ಬಿಸ್ಕಿಟ್ ತಿಂತೀ. ಬಡವರ ಮಕ್ಕಳು ಅರ್ಧಾ ಹೊಟ್ಟೀಲೆ ಓದಬೇಕಂತ ಯಾರ ಬರದಾರ?"

ಅಂದು ಪ್ರಜ್ಞಾ ಬುತ್ತಿ ಬಿಚ್ಚಿ ಮುಂದಿಟ್ಟಾಗ ವರದಾ ಚಾಚಿದ ಕೈಯನ್ನು ಹಿಂದೆಳೆದುಕೊಂಡಳು. ಹೂಲಿಯಲ್ಲಿ ಅವಳದು ಪೂಜಾರಿಕೆಯ ಮನೆತನ. ಪ್ರಜ್ಞಾ ನೋಡಿಯೇ ಬಿಟ್ಟಳು.

"ಮನ್ಯಾಗ ಬೈತಾರೇನು?"

"ಬೈತಾರ."

"ಹಂಗಾರ ಹೇಳಿ ತಿನ್ನು, ಇಲ್ಲಾ ಹೇಳದ ತಿನ್ನು. ಅಂಜಕೋಂತ ಮಾತ್ರ ತಿನಬ್ಯಾಡ. ಪಚನ ಆಗೂದಿಲ್ಲ."

ವರದಾ ತಿಂದಳು. ರೊಟ್ಟಿ, ಎಣ್ಣೆಗಾಯಿ, ಅಗಸಿ ಚಟ್ನಿ, ಮೊಸರು, ಜೊತೆಗೆ ಹಸಿ ಹಕ್ಕರಿಕೆ ಸೊಪ್ಪು. ಅಂದು ಮಧ್ಯಾಹ್ನದ ಪಾಠ ಅವಳ ತಲೆಗೆ ಹತ್ತಿತು.

ಬುತ್ತಿಯಿಂದ ಮನೆಗೆ ಇರುವೆ ಬರುತ್ತವೆ ಎಂದು ಸುಂದರವ್ವ ತಕರಾರು ತೆಗೆದಳು. ಪ್ರಜ್ಞಾ ಮನೆಯೆದುರಿನ ಬೇವಿನ ಕಟ್ಟೆಗೆ ಹೋಗಿ ಉಣ್ಣತೊಡಗಿದಳು. ಅದೇ ಮನೆಯ ರಾಮದುರ್ಗದವಳೊಬ್ಬಳು, ಕಿತ್ತೂರಿನವಳೊಬ್ಬಳು ತಮ್ಮ ಊರುಗಳಿಂದಲೂ ಬುತ್ತಿ ತರಿಸಿಕೊಂಡು ಜೊತೆಗೂಡಿದರು. ಸುಂದರವ್ವ ಬಡಿಸುವ ತಾಟುಗಳು, ಬರುವ ರೊಕ್ಕ ಎರಡೂ ಕಡಿಮೆಯಾದವು. ಪರೀಕ್ಷೆಗೆ ಮೂರು ವಾರ ಉಳಿದಾಗ ಸುಂದರವ್ವ ಅಂಗಳದಲ್ಲಿ ಎಲ್ಲರ ಮುಂದೆ ಹೇಳಿದಳು.

"ಈ ಮನ್ಯಾಗ ಇರೂದಾದ್ರ ಈ ಮನೀದ ಉಣಬೇಕು, ಅದರ ರೊಕ್ಕಾ ಕೊಡಬೇಕು. ಇಲ್ಲಾ ನಾಳಿ ಸಂಜೀಕ ಗಂಟು ಕಟ್ರಿ. ಪ್ರಜ್ಞಾ, ಇದು ಮೊದಲ ನಿನಗ."

ಪರೀಕ್ಷೆಯ ಹೊತ್ತಿಗೆ ಬೇರೆ ರೂಮು ಸಿಗುವಂತಿರಲಿಲ್ಲ. ಊಟದ ರೊಕ್ಕ ಕೊಡಲು ದಾರಿಯಿರಲಿಲ್ಲ. ಮನೋಳಿಗೆ ಮರಳಿದರೆ ಪದವಿ ಅಲ್ಲಿಗೇ ನಿಂತಂತೆ. ಪ್ರಜ್ಞಾ "ಆತ್ರಿ ಅಕ್ಕಾರ" ಎಂದಷ್ಟೇ ಅಂದಳು.

ಮರುದಿನ ಮಧ್ಯಾಹ್ನ ಉಳಿದ ಏಳೂ ಹುಡುಗಿಯರು ಒಳಗೆ ತಾಟಿನ ಮುಂದೆ ಕುಳಿತಿದ್ದರು. ಕಿಟಕಿಯಾಚೆ ಪ್ರಜ್ಞಾ ಒಬ್ಬಳೇ ಕಟ್ಟೆಯ ಮೇಲೆ ಹಸಿರು ಬಟ್ಟೆ ಹಾಸಿದಳು. ರೊಟ್ಟಿ ಇಟ್ಟಳು. ಆಮೇಲೆ ಉಳ್ಳಾಗಡ್ಡಿಯೊಂದನ್ನು ಕಲ್ಲಿನ ಮೇಲಿಟ್ಟು ಮುಷ್ಟಿಯಿಂದ ಗುದ್ದಿ ಒಡೆದಳು. ಆ ಸಪ್ಪಳ ಒಳಗಿನವರೆಗೂ ಬಂತು.

ವರದಾ ಎದ್ದಳು. ಎರಡು ದಿನದ ಹಿಂದೆ ಅವಳು ಹೂಲಿಗೆ ಫೋನು ಮಾಡಿ ಬುತ್ತಿ ಕಳಿಸಲು ಹೇಳಿದ್ದಳು. ಅದು ಆ ದಿನ ಮುಂಜಾನೆಯ ಬಸ್ಸಿಗೆ ಬಂದಿತ್ತು. ಸುಂದರವ್ವನಿಗೆ ಅಂಜಿ ಮಂಚದ ಕೆಳಗೆ ಅಡಗಿಸಿದ್ದಳು. ಈಗ ಅದನ್ನು ಎತ್ತಿಕೊಂಡು, ಸುಂದರವ್ವನ ಮುಂದೆಯೇ ಹಾಯ್ದು ಕಟ್ಟೆಗೆ ಹೋದಳು.

ಬಿಚ್ಚಿ ನೋಡಿದರೆ ರೊಟ್ಟಿಗಳೆಲ್ಲ ಬೆವತು ಒಂದಕ್ಕೊಂದು ಅಂಟಿ ಮುದ್ದೆಯಾಗಿದ್ದವು. ಆ ಮನೆಯಿಂದ ಬುತ್ತಿ ಕಳಿಸಿದ್ದು ಅದೇ ಮೊದಲು.

"ನಿಮ್ಮವ್ವಾರು ಬಿಸಿ ರೊಟ್ಟಿ ಪ್ಲಾಸ್ಟಿಕ್ಕಿನ್ಯಾಗ ಕಟ್ಯಾರ. ಆರಿಸಿ ಅರಿವ್ಯಾಗ ಕಟ್ಟಬೇಕಂತ ಹೇಳು" ಎಂದು ಪ್ರಜ್ಞಾ ಆ ಮುದ್ದೆಯನ್ನೇ ಮುರಿದು ಮೊದಲ ತುತ್ತು ತಾನು ತಿಂದಳು.

ರಾಮದುರ್ಗದವಳು ಬಂದಳು. ಕಿತ್ತೂರಿನವಳು ಬಂದಳು. ಉಳಿದವರು ಬರಿಗೈಲಿ ಬಂದರು. ಹಿಟ್ಟಿನ ಗಿರಣಿಗೆ ಹೊರಟಿದ್ದ ಮುದುಕಿಯೊಬ್ಬಳು ನಿಂತು ಕೇಳಿದಳು.

"ಯಾಕವಾ, ಸುಂದರವ್ವ ಅನ್ನಾ ಹಾಕೂದು ಬಿಟ್ಟಳೇನು? ಬೀದ್ಯಾಗ ಕುಂತೀರಿ."

ಅದು ಬಾಗಿಲಲ್ಲಿದ್ದ ಸುಂದರವ್ವನ ಕಿವಿಗೆ ಬಿತ್ತು. ಎಂಟು ಹುಡುಗಿಯರನ್ನು ಒಮ್ಮೆಲೇ ಹೊರಹಾಕಿದರೆ ಮನೆ ಖಾಲಿ. ಹಾಕದಿದ್ದರೆ ದಿನವೂ ಇದೇ ಪ್ರಶ್ನೆ. ಅವಳು ಸೆರಗು ಸರಿಮಾಡಿಕೊಂಡು ಬಂದಳು.

"ಏಳ್ರೆ, ಒಳಗ ಕುಂತ ಉಣ್ರಿ. ಮಂದಿ ಏನ ಅಂತಾರ."

"ಯಾರ ಮನೀದು ಉಣ್ಣೂಣ್ರಿ ಅಕ್ಕಾರ?" ಪ್ರಜ್ಞಾ ಕೇಳಿದಳು.

"ನಿಮ್ಮ ನಿಮ್ಮ ಬುತ್ತಿ ಉಣ್ರಿ. ಬುತ್ತಿ ಉಣ್ಣಾವ್ರು ರೂಮಿನ ಬಾಡಿಗಿ ಅಷ್ಟ ಕೊಡ್ರಿ. ಆತಿಲ್ಲೋ?"

"ಆತ್ರಿ. ಆದ್ರ ಒಳಗ ಸೆಕಿ ಐತಿ. ಇಲ್ಲಿ ಗಾಳಿ ಚೊಲೊ ಐತಿ, ಇಲ್ಲೇ ಉಣತೇವಿ."

ಪರೀಕ್ಷೆ ಮುಗಿಯುವ ತನಕ ಅವರು ಅಲ್ಲೇ ಉಂಡರು. ಹೂಲಿಯ ರೊಟ್ಟಿ ಆಮೇಲೆ ಬಟ್ಟೆಯಲ್ಲೇ ಕಟ್ಟಿ ಬಂತು. ವರದಾ, ಪ್ರಜ್ಞಾ ಇಬ್ಬರೂ ಪಾಸಾದರು.

ಪ್ರಜ್ಞಾ ಈಗ ಸವದತ್ತಿ–ಬೈಲಹೊಂಗಲ ಬಸ್ಸಿನಲ್ಲಿ ಕಂಡಕ್ಟರ್. ಮುಂಜಾನೆಯ ಪಾಳಿಯಲ್ಲಿ ಡ್ರೈವರನ ಹಿಂದೆ ಇಟ್ಟ ಬುತ್ತಿಗಳನ್ನು ಬೈಲಹೊಂಗಲದಲ್ಲಿ ಒಂದೊಂದಾಗಿ ಊರ ಹೆಸರು ಕೂಗಿ ಇಳಿಸಿಕೊಡುತ್ತಾಳೆ.